ರೇಡಿಯೇಟರ್‌ಗೆ ಅಡಿಕೆ ಸಿಪ್ಪೆಯ ಕಂಬಳಿ

ಏಪ್ರಿಲ್‌ನಲ್ಲಿ ತೀರ್ಥಹಳ್ಳಿಯ ಮನೆಯಲ್ಲಿ, ನೀರಿನಿಂದ ತಂಪಾಗುವ ನನ್ನ ಕಂಪ್ಯೂಟರ್‌ನಲ್ಲಿ ವಿಡಿಯೊ ರೆಂಡರ್‌ಗೆ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಕೂಲಂಟ್, ಅಂದರೆ ಪಂಪ್ ಒಳಗೆ ಸುತ್ತಿಸುವ ನೀರು, 54 ಡಿಗ್ರಿ! ಪ್ರೊಸೆಸರ್ 80 ದಾಟಿದರೂ ತಡೆದುಕೊಳ್ಳುತ್ತದೆ, ನೀರಿನ ಲೆಕ್ಕವೇ ಬೇರೆ. ಬಹಳಷ್ಟು ಪಂಪ್‌ಗಳಿಗೆ 60 ಡಿಗ್ರಿಯೇ ಮಿತಿ. ಪಿಇಟಿಜಿ ಎಂಬ ಪ್ಲಾಸ್ಟಿಕ್‌ನ ಪೈಪ್ ಕೂಡ ಅದನ್ನು ದಾಟಿದರೆ ಮೆತ್ತಗಾಗುವ ಭಯ. 45ರ ಒಳಗಿದ್ದರೆ ನಿಶ್ಚಿಂತೆ.

ಮೊದಲು ಪಂಪ್ ಮೇಲೆ ಅನುಮಾನಪಟ್ಟೆ. ಸುಮ್ನೆ ಒಂದು ದಿನ ಹಾಳು. ಆಮೇಲೆ ಫ್ಯಾನ್ ಬಿಚ್ಚಿ ನೋಡಿದರೆ, ನೀರಿನ ಬಿಸಿ ಹೊರಹಾಕುವ ರೇಡಿಯೇಟರ್‌ನ ಪಟ್ಟಿಗಳ ಸಂದಿಯಲ್ಲೆಲ್ಲ ದೂಳು, ಕಂಬಳಿ ಹೊದಿಸಿದ ಹಾಗೆ. ಪಕ್ಕದ ಜಗಲಿಯಲ್ಲೇ ಅಡಿಕೆ ಸುಲಿಯುತ್ತಾರೆ, ಇನ್ನೇನಾಗುತ್ತೆ ಅಲ್ವಾ? ಮೆತ್ತನೆ ಬ್ರಷ್, ಬ್ಲೋವರ್ ಹಿಡಿದು ಎಲ್ಲ ತೆಗೆದೆ. ಫ್ಯಾನ್ ವೇಗವನ್ನು ಪ್ರೊಸೆಸರ್ ಬದಲು ನೀರಿನ ಬಿಸಿಗೆ ಜೋಡಿಸಿದೆ. ಗದ್ದಲವೂ ಕಡಿಮೆಯಾಯಿತು.

ಈಗ ಕೋಣೆ 33 ಡಿಗ್ರಿ ಇದ್ದಾಗ ನೀರು 43.