ರಟ್ಟಿನ ಪಿನ್‌ಹೋಲ್ ಕ್ಯಾಮೆರಾ: ಮನೇಲೇ ಮಾಡಿ, ಮನೇಲೇ ಫೋಟೋ ತೊಳೀರಿ

ಪಿನ್‌ಹೋಲ್ ಕ್ಯಾಮೆರಾ ಅಂದ್ರೆ ಸ್ಕೂಲಲ್ಲಿ ಸೈನ್ಸ್ ಎಕ್ಸಿಬಿಷನ್‌ಗೆ ರಟ್ಟಿನ ಡಬ್ಬಕ್ಕೆ ಬಟರ್ ಪೇಪರ್ ಅಂಟಿಸಿ, ಮೇಣದಬತ್ತಿ ಉಲ್ಟಾ ಕಾಣ್ಸೋದು, ಟೀಚರ್ ಮಾರ್ಕ್ಸ್ ಹಾಕೋದು, ಅಷ್ಟೇ ಅಂತ ತುಂಬಾ ಜನ ಅಲ್ಲಿಗೇ ಬಿಟ್ಬಿಡ್ತಾರೆ. ಅದೇ ಡಬ್ಬದಲ್ಲಿ ಬಟರ್ ಪೇಪರ್ ಜಾಗಕ್ಕೆ ಫೋಟೋಗ್ರಾಫಿಕ್ ಪೇಪರ್ (ಬೆಳಕು ಬಿದ್ದು ತೊಳೆದ್ರೆ ಕಪ್ಪಾಗೋ ಲೇಪನ ಇರೋದು) ಇಟ್ರೆ ಕೈಯಲ್ಲಿ ಹಿಡಿಯೋ ನಿಜವಾದ ಫೋಟೋ ಬರತ್ತೆ. ಹಂಪಿಗೆ ಹೋದೋರು ವಿರೂಪಾಕ್ಷ ದೇವಸ್ಥಾನದ ಹಿಂದ್ಗಡೆ ಕತ್ತಲೆ ಜಾಗದಲ್ಲಿ ಗೋಡೆ ಮೇಲೆ ಗೋಪುರ ತಲೆಕೆಳಗಾಗಿ ಬಿದ್ದಿರೋದನ್ನ ನೋಡಿರ್ತೀರ, ಸುಮಾರು 50 ಮೀಟರ್ ಎತ್ತರದ ಗೋಪುರ ಒಂದು ಸಣ್ಣ ಕಿಂಡಿಯಿಂದ ಒಳಗೆ ಬಂದು ಗೋಡೆ ಮೇಲೆ ಕೂತಿರತ್ತೆ. ಬೆಳಕು ನೇರ ಗೆರೆಯಲ್ಲಿ ಹೋಗೋದ್ರಿಂದ ಮೇಲಿಂದು ಕೆಳಗೆ, ಕೆಳಗಿಂದು ಮೇಲೆ ಬೀಳತ್ತೆ, ಅಷ್ಟೇ ವಿಷಯ. ನಾವು ಮಾಡೋದೂ ಅದನ್ನೇ, ಸೈಜ್ ಚಿಕ್ಕದು.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಶುರುನಲ್ಲೇ ಫಿಲ್ಮ್ ರೋಲ್ ಹಾಕೋ ಕ್ಯಾಮೆರಾ ಮಾಡಕ್ಕೆ ಹೋಗ್ಬೇಡಿ. ನೆಟ್ಟಲ್ಲಿ ಹುಡುಕಿದ್ರೆ ಡಿರ್ಕಾನ್ ಅಂತ ಒಂದು ಚಂದದ ಪೇಪರ್ ಕ್ಯಾಮೆರಾ ಸಿಗತ್ತೆ, 1979ರಲ್ಲಿ ಚೆಕೊಸ್ಲೊವಾಕಿಯಾದ ಎಬಿಸಿ ಅನ್ನೋ ಮಕ್ಕಳ ಪತ್ರಿಕೇಲಿ ಕತ್ತರಿಸಿ ಅಂಟಿಸೋ ಹಾಗೆ ಪ್ರಿಂಟ್ ಮಾಡಿದ್ರು, ನೋಡಕ್ಕೆ ಥೇಟ್ ಅಂಗಡಿ ಕ್ಯಾಮೆರಾನೇ, 35 ಎಂಎಂ ರೋಲ್ ಹಾಕ್ಬೋದು. ಆದ್ರೆ ಫಿಲ್ಮಲ್ಲಿ ಪೂರ್ತಿ ರೋಲ್ ಮುಗಿಯೋವರೆಗೂ ಏನು ಬಂತು ಅಂತ ಗೊತ್ತಾಗಲ್ಲ, ಕಗ್ಗತ್ತಲಲ್ಲೇ ತೆಗೀಬೇಕು, ಬಿಸಿಲಲ್ಲಿ ಎಕ್ಸ್‌ಪೋಷರ್ ಒಂದೆರಡು ಸೆಕೆಂಡು, ಅರ್ಧ ಸೆಕೆಂಡ್ ಕೈ ತಡವಾದ್ರೂ ಲೆಕ್ಕ ತಪ್ಪತ್ತೆ. ಪೇಪರ್ ಹಾಗಲ್ಲ. ಅದು ನಿಧಾನ, ಐಎಸ್ಓ (ಬೆಳಕಿಗೆ ಎಷ್ಟು ಬೇಗ ಸ್ಪಂದಿಸತ್ತೆ ಅನ್ನೋ ಅಳತೆ) ಸುಮಾರು 3ರಿಂದ 6 ಅಷ್ಟೇ, ಆರಾಮಾಗಿ ಬಾಯಲ್ಲಿ ಎಣಿಸ್ಕೊಂಡು ಫೋಟೋ ತೆಗೀಬೋದು, ಕೆಂಪು ಲೈಟಲ್ಲಿ ಕಣ್ಣಾರೆ ನೋಡ್ಕೊಂಡು ತೊಳೀಬೋದು, ಬಂದಿಲ್ಲ ಅಂದ್ರೆ ಕಾಲು ಗಂಟೆಯಲ್ಲಿ ಇನ್ನೊಂದು ತೆಗೀಬೋದು. ಕಲಿಯೋದಿಕ್ಕೆ ಇದೇ ಸರಿ.

ಈಗ ಡಬ್ಬ. ಫೋಟೋ ಪೇಪರ್ 5ಕ್ಕೆ 7 ಇಂಚಿನ ಪ್ಯಾಕ್ ಸಿಗತ್ತೆ, ಇಲ್ಫೋರ್ಡ್ ಮಲ್ಟಿಗ್ರೇಡ್ ಆರ್‌ಸಿ (ಪ್ಲಾಸ್ಟಿಕ್ ಲೇಪನದ ಪೇಪರ್) ತಗೊಳ್ಳಿ, ಒಂದು ಶೀಟನ್ನ ಅರ್ಧ ಮಾಡಿದ್ರೆ 3.5ಕ್ಕೆ 5 ಇಂಚಿನ ಎರಡು ತುಂಡು. ಅಂದ್ರೆ ಡಬ್ಬದ ಒಳಗಡೆ ಅಳತೆ 92ಕ್ಕೆ 130 ಮಿಲಿಮೀಟರ್ ಇದ್ರೆ ಸಾಕು, ಆಳ 75. ಸ್ವೀಟ್ ಬಾಕ್ಸ್ ತರ ಎರಡು ಭಾಗ ಮಾಡಿ, ಒಳಗಿನ ಟ್ರೇ ಒಂದು, ಅದರ ಮೇಲೆ ಕೂರೋ ಮುಚ್ಚಳ ಒಂದು. ಟ್ರೇ ತಳದಲ್ಲಿ ತೂತು ಬರತ್ತೆ, ಮುಚ್ಚಳದ ಒಳಗಡೆ ಪೇಪರ್ ಕೂರತ್ತೆ. ಮುಚ್ಚಳದ ಗೋಡೆ ಕಮ್ಮಿ ಅಂದ್ರೂ 50 ಮಿಲಿಮೀಟರ್ ಇರ್ಲಿ, ಯಾಕಂದ್ರೆ ಬೆಳಕು ಸಂದಿಯಲ್ಲಿ ನುಗ್ಗಿದ್ರೂ ಅಷ್ಟು ಉದ್ದ ಕಪ್ಪು ಗೋಡೆಗಳ ಮಧ್ಯೆ ತಡಕಾಡಿ ಅಲ್ಲೇ ಸಾಯತ್ತೆ. ರಟ್ಟು ಒಂದು ಮಿಲಿಮೀಟರ್ ದಪ್ಪದ್ದು ಸಾಕು, ಬುಕ್ ಬೈಂಡಿಂಗ್ ಅಂಗಡೀಲಿ ಸಿಗತ್ತೆ, ದಪ್ಪ ಲಗ್ನಪತ್ರಿಕೆಗಳನ್ನ ಎರಡೆರಡು ಸೇರಿಸಿ ಫೆವಿಕಾಲ್ ಹಾಕಿದ್ರೂ ಗಟ್ಟಿಯಾಗತ್ತೆ (ಮನೇಲಿ ರಾಶಿ ಬಿದ್ದಿರತ್ತಲ್ಲ, ಒಂದು ಉಪಯೋಗಕ್ಕೆ ಬರ್ಲಿ). ಬರೀ ಕಪ್ಪು ಚಾರ್ಟ್ ಪೇಪರ್ ನಂಬ್ಬೇಡಿ, ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿ, ಬೆಳಕು ತೂರ್ಕೊಂಡು ಬರತ್ತೆ.

ಒಳಗಡೆ ಪೂರ್ತಿ ಕಪ್ಪು ಬಣ್ಣ ಹೊಡೀರಿ, ಹೊಳೆಯೋ ಪೇಂಟ್ ಅಲ್ಲ, ಕ್ಲಾಸ್‌ರೂಮ್ ಬೋರ್ಡಿಗೆ ಹೊಡಿಯೋ ಪೇಂಟ್ ಇದ್ಯಲ್ಲ ಅದು, ಹೊಳಪೇ ಇರಲ್ಲ. ಮೂಲೆಗಳಿಗೆ ಒಳಗೂ ಹೊರಗೂ ಕಪ್ಪು ಇನ್ಸುಲೇಷನ್ ಟೇಪ್. ಎಲ್ಲರೂ ತೂತಿನ ಬಗ್ಗೆನೇ ತಲೆ ಕೆಡಿಸ್ಕೊಳ್ತಾರೆ, ನನ್ ಪ್ರಕಾರ ಫೋಟೋ ಹಾಳಾಗೋದು ತೂತಿಂದ ಅಲ್ಲ, ಮೂಲೆಯಿಂದ. ಕೂದಲಷ್ಟು ಸಂದಿ ಇದ್ರೂ ಅರ್ಧ ನಿಮಿಷ ಬಿಸಿಲಲ್ಲಿ ಇಟ್ಟಾಗ ಒಂದು ಕಡೆ ಕಪ್ಪು ಮಂಜು ಕವಿದ ಹಾಗೆ ಬಂದ್ಬಿಡತ್ತೆ.

ತೂತು ರಟ್ಟಲ್ಲೇ ಮಾಡ್ಬಾರ್ದು, ರಟ್ಟಿನ ದಪ್ಪಕ್ಕೆ ಅದು ಸುರಂಗ ಆಗತ್ತೆ, ನಾರು ಬೇರೆ ಎದ್ದಿರತ್ತೆ. ಟ್ರೇ ತಳದ ನಡುಮಧ್ಯೆ ಒಂದು ಸೆಂಟಿಮೀಟರಿನ ಚೌಕ ಕತ್ತರಿಸಿ, ಅಲ್ಲಿಗೆ ಕೂಲ್‌ಡ್ರಿಂಕ್ ಕ್ಯಾನಿನ ತಗಡಿನ ತುಂಡು ಅಂಟಿಸೋದು. ತಗಡನ್ನ ಕತ್ತರಿಯಲ್ಲೇ ಕತ್ತರಿಸ್ಬೋದು, ಅಂಚು ಚೂಪಾಗಿರತ್ತೆ, ಮಕ್ಕಳ ಕೈಗೆ ಕೊಡ್ಬೇಡಿ. ರಟ್ಟಿನ ಮೇಲೆ ತಗಡು ಇಟ್ಟು ಮಣಿ ಪೋಣಿಸೋ ಸಣ್ಣ ಸೂಜಿಯ ತುದಿಯನ್ನ ಮೆತ್ತಗೆ ಒತ್ತಿ, ತೂರಿಸ್ಬೇಡಿ, ಹಿಂದೆ ಒಂದು ಗುಳ್ಳೆ ಏಳ್ಬೇಕು ಅಷ್ಟೇ. ತಿರುಗಿಸಿ ಆ ಗುಳ್ಳೆಯನ್ನ 600 ನಂಬರ್ ವಾಟರ್ ಪೇಪರ್‌ನಲ್ಲಿ ಉಜ್ಜಿ, ಮತ್ತೆ ಸೂಜಿ ತುದಿಯಲ್ಲಿ ಸುತ್ತ ತಿರುಗಿಸಿ, ಮತ್ತೆ ಉಜ್ಜಿ. ಹೀಗೆ ನಿಧಾನಕ್ಕೆ ಮಾಡಿದ್ರೆ ತೂತು ದುಂಡಗೆ ಬರತ್ತೆ, ಅಂಚಲ್ಲಿ ಗೀರು ಇರಲ್ಲ.

ಎಷ್ಟು ದೊಡ್ಡ ತೂತು ಅನ್ನೋದಕ್ಕೆ ಭೌತವಿಜ್ಞಾನಿ ಲಾರ್ಡ್ ರೇಲಿ ಹೆಸರಲ್ಲಿ ಓಡಾಡೋ ಒಂದು ಲೆಕ್ಕ ಇದೆ, ತೂತಿಂದ ಪೇಪರ್‌ವರೆಗಿನ ದೂರವನ್ನ ಮಿಲಿಮೀಟರಲ್ಲಿ ತಗೊಂಡು 0.00055ರಿಂದ ಗುಣಿಸಿ, ಅದರ ವರ್ಗಮೂಲ ತೆಗೆದು, 1.9ರಿಂದ ಗುಣಿಸಿ. ನಮ್ಮ 75 ಮಿಲಿಮೀಟರಿಗೆ 0.39 ಬರತ್ತೆ, 0.4 ಅಂತ ಇಟ್ಕೊಳ್ಳಿ. ಡಬ್ಬದ ಆಳ 50 ಇದ್ರೆ 0.3, 100 ಇದ್ರೆ 0.45. ತೂತು ದೊಡ್ಡದಾದ್ರೆ ಚಿತ್ರ ಮಸುಕು, ಇದು ಎಲ್ಲರಿಗೂ ಅರ್ಥ ಆಗತ್ತೆ, ಆದ್ರೆ ತೀರಾ ಚಿಕ್ಕದಾದ್ರೂ ಮಸುಕೇ, ಬೆಳಕು ಅಂಚಿಗೆ ತಾಗಿ ಹರಡ್ಕೊಂಡ್ಬಿಡತ್ತೆ. ಅಳೆಯೋಕೆ ಸ್ಕ್ಯಾನರ್ ಇದ್ರೆ ತಗಡನ್ನ 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ತೂತಿನ ಅಗಲದ ಪಿಕ್ಸೆಲ್ ಎಣಿಸಿ, 38 ಪಿಕ್ಸೆಲ್ ಬಂದ್ರೆ 0.4. ಒಂಚೂರು ಆಚೆ ಈಚೆ ಆದ್ರೆ ಏನೂ ಪ್ರಳಯ ಆಗಲ್ಲ, ದುಂಡಗಿರೋದು ಮುಖ್ಯ. ತಗಡಿನ ಒಳಮುಖಕ್ಕೆ ಕಪ್ಪು ಮಾರ್ಕರ್ ಬಳಿದು ಟೇಪಲ್ಲಿ ಅಂಟಿಸಿ. ಶಟರ್‌ಗೆ ಹೊರಗಡೆ ಒಂದು ತುಂಡು ಇನ್ಸುಲೇಷನ್ ಟೇಪ್, ತುದಿ ಮಡಚಿರಿ, ಎಳೆಯೋಕೆ ಹಿಡಿ ಸಿಗತ್ತೆ.

ವ್ಯೂಫೈಂಡರ್ ಬೇಕಾ? ಡಬ್ಬದ ಮೇಲ್ಗಡೆ ತೂತು ಇರೋ ಅಂಚಿನ ಮಧ್ಯದಿಂದ ಪೇಪರಿನ ಎರಡೂ ಕೊನೆಗೆ ಪೆನ್ಸಿಲಲ್ಲಿ ಎರಡು ಗೆರೆ ಎಳೀರಿ, ಹಿಂದಿನಿಂದ ಆ ಗೆರೆ ಉದ್ದಕ್ಕೂ ನೋಡಿದ್ರೆ ಫ್ರೇಮಲ್ಲಿ ಎಷ್ಟು ಬರತ್ತೆ ಗೊತ್ತಾಗತ್ತೆ. ಇದು ತುಂಬಾ ಅಗಲ ನೋಡತ್ತೆ, ಹಾಗಾಗಿ ವಸ್ತುವಿನ ಹತ್ರ ಹೋಗಿ, ಇನ್ನೂ ಹತ್ರ ಹೋಗಿ. ಫೋಕಸ್ ಅನ್ನೋ ತಲೆನೋವೇ ಇಲ್ಲ, ಒಂದು ಅಡಿ ದೂರದ ಚಪ್ಪಲಿಯಿಂದ ಹಿಡಿದು ಹಿಂದಿನ ಬೆಟ್ಟದವರೆಗೂ ಒಂದೇ ತರ ಕಾಣತ್ತೆ.

ಪೇಪರ್ ಲೋಡ್ ಮಾಡೋದು ರಾತ್ರಿ ಬಾತ್‌ರೂಮಲ್ಲಿ ಕೆಂಪು ಲೈಟ್ ಹಾಕ್ಕೊಂಡು. ದೇವರ ಮನೆಯ ಕೆಂಪು ಝೀರೋ ಕ್ಯಾಂಡಲ್ ಬಲ್ಬ್ ಆಗತ್ತಾ ಅಂದ್ರೆ ಕೆಲವು ಆಗತ್ತೆ, ಕೆಲವು ಆಗಲ್ಲ, ಬಣ್ಣ ತೆಳುವಾಗಿದ್ರೆ ಬಿಳಿ ಬೆಳಕು ಸೋರತ್ತೆ. ಟೆಸ್ಟ್ ಸುಲಭ, ಒಂದು ತುಂಡು ಪೇಪರ್ ಮೇಲೆ ನಾಣ್ಯ ಇಟ್ಟು ಆ ಬಲ್ಬಿನ ಕೆಳಗೆ ಐದು ನಿಮಿಷ ಬಿಟ್ಟು ಡೆವಲಪ್ ಮಾಡಿ (ಚಿತ್ರ ಏಳಿಸೋ ದ್ರಾವಣದಲ್ಲಿ ತೊಳೆಯೋದು, ಮುಂದೆ ಹೇಳ್ತೀನಿ), ನಾಣ್ಯದ ಬಿಳಿ ಗುರುತು ಬಿದ್ರೆ ಆ ಬಲ್ಬ್ ಬೇಡ. ಪೇಪರಿನ ಹೊಳೆಯೋ ಮುಖ ತೂತಿನ ಕಡೆಗೆ. ಮೊದಲನೇ ಪೇಪರ್ ಫೋಟೋಗೆ ಅಲ್ಲ, ಶಟರ್ ಮುಚ್ಚೇ ಐದು ನಿಮಿಷ ಬಿಸಿಲಲ್ಲಿ ಡಬ್ಬ ತಿರುಗಿಸ್ತಾ ಇಟ್ಟು ಡೆವಲಪ್ ಮಾಡಿ, ಬಿಳಿಯಾಗೇ ಉಳಿದ್ರೆ ಡಬ್ಬ ಪಾಸ್.

ಎಕ್ಸ್‌ಪೋಷರ್ ಲೆಕ್ಕ ಇಲ್ಲಿದೆ. ಪೇಪರಿನ ದೂರವನ್ನ ತೂತಿನ ಅಗಲದಿಂದ ಭಾಗಿಸಿದ್ರೆ ಬರೋದು ಎಫ್ ನಂಬರ್, 75ನ್ನ 0.4ರಿಂದ ಭಾಗಿಸಿದ್ರೆ ಎಫ್ 187 ಹತ್ರ. ಒಳ್ಳೆ ಬಿಸಿಲಲ್ಲಿ ಎಫ್ 16ಕ್ಕೆ ಐಎಸ್ಓ 5ರ ಪೇಪರಿಗೆ ಸೆಕೆಂಡಿನ ಐದನೇ ಒಂದು ಭಾಗ ಬೇಕು, ಇದು ಹಳೇ ಫೋಟೋಗ್ರಾಫರ್‌ಗಳ ಸನ್ನಿ ಸಿಕ್ಸ್‌ಟೀನ್ ರೂಲ್. 187 ಭಾಗಿಸು 16 ಅಂದ್ರೆ 11.7, ಅದರ ವರ್ಗ 137, ಅದನ್ನ ಐದರಿಂದ ಭಾಗಿಸಿದ್ರೆ 27 ಸೆಕೆಂಡ್. ಸೋ ಬಿಸಿಲಿಗೆ ಅರ್ಧ ನಿಮಿಷ ಅಂತ ಶುರು ಮಾಡಿ, ತೆಳು ಮೋಡಕ್ಕೆ ಒಂದೂವರೆ ನಿಮಿಷ, ಮಳೆಗಾಲದ ಗಟ್ಟಿ ಮೋಡಕ್ಕೋ ಮರದ ನೆರಳಿಗೋ ನಾಲ್ಕು ನಿಮಿಷ. ಮೊದಲ ದಿನ ಒಂದೇ ಸೀನನ್ನ 15, 30, 60 ಸೆಕೆಂಡಲ್ಲಿ ತೆಗೆದು ನಿಮ್ಮ ಡಬ್ಬದ ನಡತೆ ತಿಳ್ಕೊಳ್ಳಿ, ಹಿಂದ್ಗಡೆ ಪೆನ್ಸಿಲಲ್ಲಿ ಟೈಮ್ ಬರೀರಿ. ಕೈಯಲ್ಲಿ ಹಿಡಿಯೋದು ಆಗದ ಮಾತು, ಕಟ್ಟೆ ಮೇಲೋ ನೆಲದ ಮೇಲೋ ಇಟ್ಟು ಮೇಲೊಂದು ಕಲ್ಲು ಹೇರಿ, ಆಮೇಲೆ ಟೇಪ್ ತೆಗೀರಿ.

ಅರ್ಧ ನಿಮಿಷದಲ್ಲಿ ಓಡಾಡೋರು ಯಾರೂ ಉಳಿಯಲ್ಲ, ಬಸ್ಸು ಆಟೋ ಎಲ್ಲ ಮಾಯ, ನಿಲ್ಸಿರೋ ಸ್ಕೂಟರ್ ಮಾತ್ರ ಇರತ್ತೆ, ಸಂತೆ ಬೀದಿ ಖಾಲಿ ಬೀದಿ ಆಗತ್ತೆ. ಪೇಪರಿಗೆ ಕೆಂಪು ಕಾಣಲ್ಲ ಅನ್ನೋದು ನೆನಪಿರ್ಲಿ, ನೀಲಿ ಹಸಿರು ಮಾತ್ರ ಗೊತ್ತಾಗೋದು. ಮಂಗಳೂರು ಹೆಂಚು, ದಾಸವಾಳ, ಕುಂಕುಮ ಎಲ್ಲ ಕಪ್ಪು ಕಪ್ಪಾಗಿ ಬರತ್ತೆ, ಆಕಾಶ ಬೆಳ್ಳಗೆ ಸುಟ್ಟೋಗತ್ತೆ, ಮೋಡದ ಆಸೆ ಬಿಡಿ. ಕಲ್ಲಿನ ಕೆತ್ತನೆ, ಕಲ್ಯಾಣಿ ಮೆಟ್ಟಿಲು, ಬೇರು ಬಿಟ್ಟ ಆಲದ ಮರ ಇವೆಲ್ಲ ಸಖತ್ತಾಗಿ ಬರತ್ತೆ. ಪ್ರತಿ ವರ್ಷ ಏಪ್ರಿಲ್ ಕೊನೇ ಭಾನುವಾರ ವರ್ಲ್ಡ್‌ವೈಡ್ ಪಿನ್‌ಹೋಲ್ ಡೇ ಇರತ್ತೆ, 2001ರಿಂದ ನಡೀತಿದೆ, ಆ ದಿನ ತೆಗೆದ ಒಂದು ಫೋಟೋ ಅವರ ಸೈಟಿಗೆ ಹಾಕ್ಬೋದು. ಬೆಂಗಳೂರಲ್ಲಿ ಏಪ್ರಿಲ್ 24ರ ಆಸುಪಾಸಿಗೆ ಶೂನ್ಯ ನೆರಳಿನ ದಿನ ಬೇರೆ, ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ನಿಂತು ಗೋಡೆಗಳೆಲ್ಲ ಸಪ್ಪೆ ಹೊಡೆದಿರತ್ತೆ, ಹಾಗಾಗಿ ಬೆಳಗ್ಗೆ ಎಂಟೂವರೆಗೆ ಹೋಗಿ, ಟೈಮ್ ಡಬಲ್ ಮಾಡ್ಕೊಳ್ಳಿ.

ಡೆವಲಪರ್ ಅಂಗಡಿಯದ್ದು ಸಿಕ್ರೆ ತಗೊಳ್ಳಿ, ಇಲ್ಲಾಂದ್ರೆ ಕಾಫಿ ಇದೆ, ಜೋಕಲ್ಲ, ಕೆಫೆನಾಲ್ ಅಂತಾರೆ. ಅರ್ಧ ಲೀಟರ್ ನೀರಿಗೆ 27 ಗ್ರಾಂ ವಾಷಿಂಗ್ ಸೋಡ, 8 ಗ್ರಾಂ ವಿಟಮಿನ್ ಸಿ ಪುಡಿ, 20 ಗ್ರಾಂ ಇನ್‌ಸ್ಟಂಟ್ ಕಾಫಿ, ಇದೇ ಕ್ರಮದಲ್ಲಿ ಒಂದೊಂದೇ ಕರಗಿಸಿ. ಸೋಡ ಪುಡಿಯಾಗಿ ಒಣಗಿರೋದು ಬೇಕು, ಹರಳಾಗಿದ್ರೆ 73 ಗ್ರಾಂ ಹಾಕಿ. ಅಡುಗೆ ಸೋಡ ಬೇಡ, ಅದರಲ್ಲಿ ಚಿತ್ರ ಏಳಲ್ಲ. ಕೆಲಸ ಮಾಡೋದು ಕೆಫೀನ್ ಅಲ್ಲ, ಕಾಫಿಯಲ್ಲಿರೋ ಕೆಫೀಕ್ ಆಮ್ಲ, ಜೊತೆಗೆ ವಿಟಮಿನ್ ಸಿ. ಅದಕ್ಕೇ ಚಿಕೋರಿ ಬೆರೆಸಿದ ಇನ್‌ಸ್ಟಂಟ್ ಬೇಡ, ನಮ್ಮಲ್ಲಿ ಅಂಗಡಿ ತುಂಬಾ ಅದೇ ಇರತ್ತೆ, ಲೇಬಲ್ ಓದಿ ಪ್ಯೂರ್ ಕಾಫಿ ತಗೊಳ್ಳಿ, ಅದರಲ್ಲೂ ಅಗ್ಗದ್ದು. ಚಿಕ್ಕಮಗಳೂರಿನ ಒಳ್ಳೆ ಅರೇಬಿಕಾನ ಇದಕ್ಕೆ ಸುರಿಯೋದು ಪಾಪ. ವಾಸನೆ ಮಾತ್ರ ಹೊಲಸು, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ್ರೂ ಎಕ್ಸಾಸ್ಟ್ ಫ್ಯಾನ್ ಹಾಕ್ಕೊಳ್ಳಿ.

ಮೂರು ಪ್ಲಾಸ್ಟಿಕ್ ಟ್ರೇ, ಮತ್ತೆ ಅಡುಗೆಗೆ ಬಳಸೋ ಹಾಗಿಲ್ಲ. ಮೊದಲನೇದರಲ್ಲಿ ಕಾಫಿ, ಪೇಪರ್ ಮುಳುಗಿಸಿ ಟ್ರೇ ಅಲ್ಲಾಡಿಸ್ತಾ ಇರಿ, ಮೂರರಿಂದ ಐದು ನಿಮಿಷದಲ್ಲಿ ಚಿತ್ರ ಏಳತ್ತೆ, ಅಂಗಡಿ ಡೆವಲಪರ್ ಆದ್ರೆ ಒಂದರಿಂದ ಎರಡು ನಿಮಿಷ. ಪುಸ್ತಕದಲ್ಲಿ 20 ಡಿಗ್ರಿ ಅಂತಿರತ್ತೆ, ನಮ್ಮ ನಲ್ಲಿ ನೀರು ಅದಕ್ಕಿಂತ ಬೆಚ್ಚಗೆ, ಬೇಗ ಆಗತ್ತೆ, ಗಡಿಯಾರಕ್ಕಿಂತ ಕಣ್ಣನ್ನ ನಂಬಿ. ಎರಡನೇದರಲ್ಲಿ ನೀರಿಗೆ ಸ್ವಲ್ಪ ವಿನೆಗರ್, ಅರ್ಧ ನಿಮಿಷ. ಮೂರನೇದು ಹೈಪೋ, ಹಳೇ ಸ್ಟುಡಿಯೋದವರ ಬಾಯಲ್ಲಿ ಇರೋ ಹೆಸರು, ಸೋಡಿಯಂ ಥಯೋಸಲ್ಫೇಟ್. ಕೆಮಿಕಲ್ ಅಂಗಡೀಲಿ ಸಿಗಲಿಲ್ಲ ಅಂದ್ರೆ ಅಕ್ವೇರಿಯಂ ಅಂಗಡೀಲಿ ಕ್ಲೋರಿನ್ ತೆಗೆಯೋ ಹರಳು ಅಂತ ಮಾರೋದು ಸಾಮಾನ್ಯವಾಗಿ ಇದೇ. ಅರ್ಧ ಲೀಟರಿಗೆ 100ರಿಂದ 125 ಗ್ರಾಂ, ಐದು ನಿಮಿಷ. ಇದಾದ್ಮೇಲೆ ಲೈಟ್ ಹಾಕ್ಬೋದು, ಹರಿಯೋ ನೀರಲ್ಲಿ ನಾಲ್ಕೈದು ನಿಮಿಷ ತೊಳೆದು ಹಗ್ಗಕ್ಕೆ ಕ್ಲಿಪ್ ಹಾಕಿ. ಬಳಸಿದ ಹೈಪೋದಲ್ಲಿ ಬೆಳ್ಳಿ ಇರತ್ತೆ, ಗಿಡಕ್ಕೆ, ಕೆರೆಗೆ, ಬಾವಿ ಹತ್ರ ಸುರೀಬೇಡಿ.

ಕೈಗೆ ಬರೋದು ನೆಗೆಟಿವ್, ಆಕಾಶ ಕಪ್ಪು, ನೆರಳು ಬಿಳಿ. ಸ್ಕ್ಯಾನ್ ಮಾಡಿ ಇಲ್ಲಾ ಮೊಬೈಲಲ್ಲಿ ಫೋಟೋ ತೆಗೆದು ಇನ್ವರ್ಟ್ ಕೊಡಿ, ಆಮೇಲೆ ಎಡ ಬಲ ಫ್ಲಿಪ್ ಮಾಡೋದು ಮರೀಬೇಡಿ, ಪೇಪರ್ ನೆಗೆಟಿವಲ್ಲಿ ಅಂಗಡಿ ಬೋರ್ಡೆಲ್ಲ ತಿರುಗು ಮುರುಗು ಇರತ್ತೆ. ಕಂಪ್ಯೂಟರ್ ಬೇಡ ಅನ್ನೋರು ಹೊಸ ಪೇಪರ್ ಮೇಲೆ ನೆಗೆಟಿವನ್ನ ಮುಖಕ್ಕೆ ಮುಖ ಇಟ್ಟು, ಮೇಲೆ ಗಾಜು ಒತ್ತಿ, ಎರಡು ಮೂರು ಸೆಕೆಂಡ್ ಬಲ್ಬ್ ಹಾಕಿ ಆರಿಸಿ ತೊಳೀರಿ, ಪಾಸಿಟಿವ್ ಪ್ರಿಂಟು, ಎಡ ಬಲಾನೂ ತಾನೇ ಸರಿಯಾಗತ್ತೆ.

ಇಷ್ಟೆಲ್ಲ ತೊಳೆಯೋದು ಬೇಡಪ್ಪಾ ಅನ್ನೋರಿಗೆ ಸೋಲಾರ್‌ಗ್ರಾಫ್ ಇದೆ, ಅಂದ್ರೆ ತಿಂಗಳುಗಟ್ಟಲೆ ಸೂರ್ಯನ ಓಡಾಟ ಹಿಡಿಯೋ ಫೋಟೋ. ಅದೇ ಪೇಪರು, ಆದ್ರೆ ರಟ್ಟಿನ ಬದಲು ಕೂಲ್‌ಡ್ರಿಂಕ್ ಕ್ಯಾನು, ಯಾಕಂದ್ರೆ ನಮ್ಮ ಮಳೆಗೆ ರಟ್ಟು ಒಂದು ವಾರ ತಡೆಯಲ್ಲ. ಸುತ್ತ ಟೇಪ್ ಹೊಡೆದು ಟೆರೇಸ್ ಪೈಪಿಗೆ ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿ ಕಟ್ಟಿ, ಡಿಸೆಂಬರ್ 21ರಿಂದ ಜೂನ್ 21ರವರೆಗೆ ಬಿಟ್ರೆ ಸೂರ್ಯ ದಿನಾ ಒಂದೊಂದು ಗೆರೆ ಎಳೀತಾನೆ, ಮೋಡದ ದಿನ ಗೆರೆ ತುಂಡಾಗತ್ತೆ. ಯುರೋಪಿನವರ ಫೋಟೋಗಳಲ್ಲಿ ಆ ಗೆರೆಗಳು ಕಮಾನಾಗಿರತ್ತೆ, ನಾವು ಭೂಮಧ್ಯರೇಖೆಗೆ ಹತ್ರ ಇರೋದ್ರಿಂದ ಇಲ್ಲಿ ಹೆಚ್ಚುಕಮ್ಮಿ ನೆಟ್ಟಗೆ ಮೇಲಕ್ಕೆ ಹೋಗತ್ತೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಯೂನಿವರ್ಸಿಟಿಯ ವೀಕ್ಷಣಾಲಯದಲ್ಲಿ 2012ರಲ್ಲಿ ಒಬ್ಬ ವಿದ್ಯಾರ್ಥಿನಿ ಕಟ್ಟಿದ ಬಿಯರ್ ಕ್ಯಾನ್ ಮರೆತೇ ಹೋಗಿ, 2020ರಲ್ಲಿ ಬಿಚ್ಚಿದಾಗ ಎಂಟು ವರ್ಷದ ಸೂರ್ಯ ಅದರಲ್ಲಿತ್ತು. ತೆಗೆದ ಪೇಪರನ್ನ ಡೆವಲಪರಿಗೂ ಹೈಪೋಗೂ ಹಾಕ್ಬೇಡಿ, ಹೈಪೋ ಚಿತ್ರವನ್ನೇ ತಿನ್ನತ್ತೆ. ಮಂದ ಬೆಳಕಲ್ಲಿ ಬಿಚ್ಚಿ ಸೀದಾ ಸ್ಕ್ಯಾನರಿಗೆ ಇಡಿ, ಪ್ರೀವ್ಯೂ ಕೂಡ ಕೊಡ್ಬೇಡಿ, ಸ್ಕ್ಯಾನರ್ ಲೈಟಿಗೂ ಪೇಪರ್ ಕಪ್ಪಾಗ್ತಾ ಹೋಗತ್ತೆ, 1200 ಡಿಪಿಐ ಸೆಟ್ ಮಾಡ್ಕೊಂಡು ಒಂದೇ ಸಲಕ್ಕೆ ಮುಗಿಸಿ, ಪೇಪರನ್ನ ಕಪ್ಪು ಕವರಲ್ಲಿ ಎತ್ತಿಡಿ.