ಕೆರಿಬಿಯನ್ ಕ್ರೂಸ್: ಬಂದರಿನಲ್ಲಿ ಸಿಗುವ ಒಂದು ಹಗಲನ್ನು ಚೆನ್ನಾಗಿ ಕಳೆಯುವುದು ಹೇಗೆ?

ಕ್ರೂಸ್ ಬುಕ್ ಮಾಡುವಾಗ ನಾವು ಕ್ಯಾಬಿನ್, ಸಸ್ಯಾಹಾರಿ ಊಟ ಎಲ್ಲವನ್ನೂ ವಿಚಾರಿಸುತ್ತೇವೆ. ದಡಕ್ಕಿಳಿದ ಮೇಲೆ ಏನು ನೋಡುವುದು ಎಂದು ಮಾತ್ರ ಯೋಚಿಸಿರುವುದಿಲ್ಲ. ಹಡಗು ಒಂದು ಬಂದರಿನಲ್ಲಿ ನಿಲ್ಲುವುದು ಹೆಚ್ಚಾಗಿ ಒಂದು ಹಗಲು ಅಷ್ಟೇ. ಅಷ್ಟರಲ್ಲಿ ನಾಲ್ಕು ಜಾಗ ಸುತ್ತುವ ಬದಲು, ಹತ್ತಿರದ ಒಂದನ್ನು ಕಣ್ತುಂಬ ನೋಡಿ ಬನ್ನಿ.

ಮೊದಲು ಟೈಮ್ ಲೆಕ್ಕ ಹಾಕಿ. ಹಡಗು ಐದಕ್ಕೆ ಹೊರಡುತ್ತದೆ ಅಂದರೆ ಐದಕ್ಕೆ ಬಂದರೆ ಸಾಲದು. ಅರ್ಧ ಗಂಟೆ ಮುಂಚೆಯೇ, ಕೆಲವೊಮ್ಮೆ ಇನ್ನೂ ಬೇಗ, ಎಲ್ಲರೂ ಒಳಗಿರಬೇಕು. ನೀವು ಅದಕ್ಕೂ ಒಂದು ಗಂಟೆ ಮುಂಚೆ ಬಂದರಿನಲ್ಲಿರಿ. ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗುಗಳು ಕಡಲಲ್ಲೇ ನಿಲ್ಲುತ್ತವೆ. ಸಣ್ಣ ಬೋಟಿನಲ್ಲಿ ದಡಕ್ಕೆ ಹೋಗಿ ಬರಬೇಕು, ಅದಕ್ಕೂ ಕ್ಯೂ ಇರುತ್ತದೆ. ಇನ್ನೊಂದು ವಿಷಯ: ಹಡಗಿನ ಟೈಮೂ ದ್ವೀಪದ ಟೈಮೂ ಬೇರೆ ಇರಬಹುದು. ಮೊಬೈಲ್ ತಾನಾಗೇ ದ್ವೀಪದ ಟೈಮ್‌ಗೆ ಬದಲಾಗಿಬಿಡುತ್ತದೆ. ಹಾಗಾಗಿ ಹಡಗಿನ ಟೈಮ್ ಇಟ್ಟುಕೊಂಡ ಕೈಗಡಿಯಾರ ಕಟ್ಟಿಕೊಳ್ಳಿ.

ಆಮೇಲೆ ದೂರ ನೋಡಿ. ಮೆಕ್ಸಿಕೋದ ಕೊಸುಮೆಲ್‌ಗೆ ಹೋದವರಿಗೆಲ್ಲ ಟುಲುಮ್‌ನ ಮಾಯಾ ಅವಶೇಷ ನೋಡುವ ಆಸೆ. ಆದರೆ ಕೊಸುಮೆಲ್ ದ್ವೀಪ, ಟುಲುಮ್ ಇರುವುದು ಆಚೆ ದಡದಲ್ಲಿ. ಸುಮಾರು ಮುಕ್ಕಾಲು ಗಂಟೆ ಫೆರಿ, ಅದರ ಮೇಲೆ ಒಂದು ಗಂಟೆ ರಸ್ತೆ. ವಾಪಸ್ಸೂ ಅಷ್ಟೇ. ಅದರ ಬದಲು ಕೊಸುಮೆಲ್‌ನಲ್ಲೇ ಇರುವ ಸಾನ್ ಹೆರ್ವಾಸಿಯೊ ನೋಡಿ. ಮಾಯಾ ಜನ ಇಷ್ಚೆಲ್ ದೇವತೆಗೆ ನಡೆದುಕೊಳ್ಳುತ್ತಿದ್ದ ಜಾಗ ಅದು. ಟುಲುಮ್ ಬೇಕೇ ಬೇಕು ಅನ್ನುವವರು ಹಡಗಿನವರೇ ನಡೆಸುವ ಟೂರ್ ತೆಗೆದುಕೊಳ್ಳಿ. ದುಡ್ಡು ಜಾಸ್ತಿ, ನಿಜ. ಆದರೆ ಅವರ ಬಸ್ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ಸ್ವಂತವಾಗಿ ಹೋದವರಿಗೆ ಈ ಭರವಸೆ ಇಲ್ಲ.

ಟೂರೇ ಬೇಡದ ಬಂದರುಗಳೂ ಇವೆ. ಪೋರ್ಟೊ ರಿಕೊದ ಸಾನ್ ಹುವಾನ್ ನನ್ನ ಪ್ರಕಾರ ಅವುಗಳಲ್ಲೆಲ್ಲ ಮೇಲು. ಹಡಗು ಹಳೇ ಊರಿನ ಕಟ್ಟೆಗೇ ಬರುತ್ತದೆಯಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಕೆಲವು ಕೊಲ್ಲಿಯ ಆಚೆ ನಿಲ್ಲುತ್ತವೆ. ಇಳಿದು ನಡೆದರೆ ನೀಲಿ ಛಾಯೆಯ ಕಲ್ಲು ಹಾಸಿದ ಓಣಿಗಳು. ಮಳೆ ಬಿದ್ದರೆ ಜಾರುತ್ತವೆ, ಹಾಗಾಗಿ ಹಿಡಿತವಿರುವ ಶೂ ಬೇಕು. ಮೊದಲು ಸಾನ್ ಕ್ರಿಸ್ಟೋಬಲ್ ಕೋಟೆ, ಅಲ್ಲಿಂದ ಎಲ್ ಮೊರೊ. ಒಂದೇ ಟಿಕೆಟ್‌ನಲ್ಲಿ ಎರಡನ್ನೂ ನೋಡಬಹುದು. ಸ್ಪೇನಿನವರು 1539ರಲ್ಲಿ ಎಲ್ ಮೊರೊ ಕಟ್ಟಲು ಶುರುಮಾಡಿದರು. ಈಗ ಆರು ಅಂತಸ್ತು. ಗೋಡೆಗಳ ದಪ್ಪ ಕೆಲವು ಕಡೆ 18 ಅಡಿ. ಗೋಡೆಯ ಮೂಲೆಯಲ್ಲಿ ಒಬ್ಬನೇ ನಿಲ್ಲುವಷ್ಟು ದುಂಡನೆಯ ಕಾವಲು ಗೂಡಿದೆ. ಅದರ ಕಿಂಡಿಯಿಂದ ಒಮ್ಮೆ ಕಡಲು ನೋಡಿ, ಈ ಕೋಟೆ ಇಲ್ಲೇ ಯಾಕೆ ಕಟ್ಟಿದರು ಅನ್ನೋದು ಆಗ ಗೊತ್ತಾಗುತ್ತದೆ. ಕೋಟೆಯ ಮುಂದಿನ ಹುಲ್ಲುಹಾಸಿನಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಿರುತ್ತಾರೆ. ನಿಮ್ಮ ಹಡಗು ಮಧ್ಯಾಹ್ನ ತಲುಪುವುದಾದರೆ ನೇರ ಕೋಟೆಗೇ ಹೋಗಿ. ಸಂಜೆ ಬಾಗಿಲು ಹಾಕುತ್ತಾರೆ. ಅಂಗಡಿ ಆಮೇಲೆ ನೋಡಿದರಾಯಿತು.

ಬಾರ್ಬಡೋಸ್‌ಗೆ ಹೋದರೆ ಕೆನ್ಸಿಂಗ್ಟನ್ ಓವಲ್ ಬಿಡಬೇಡಿ. ಬ್ರಿಡ್ಜ್‌ಟೌನ್ ಬಂದರಿನಿಂದ ನಡೆದೇ ಹೋಗಬಹುದು. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದದ್ದು ಇಲ್ಲೇ. ನಮ್ಮ ದ್ರಾವಿಡ್ ಕೋಚ್ ಆಗಿ ಕಪ್ ಎತ್ತಿದ ಅಂಗಳ ಅಲ್ವಾ!

ಕಾಗದಪತ್ರದ ವಿಷಯ. ಅಮೆರಿಕದಿಂದ ಹೊರಟು ಅಲ್ಲಿಗೇ ಮರಳುವ ಕ್ರೂಸ್‌ಗೆ, ಭಾರತದ ಪಾಸ್‌ಪೋರ್ಟಿನ ಪ್ರವಾಸಿಗರಿಗೆ ಮಲ್ಟಿಪಲ್ ಎಂಟ್ರಿ ವೀಸಾ ಬೇಕು. ಪ್ರತಿ ದ್ವೀಪದ ನಿಯಮ ಬೇರೆ, ಬುಕ್ ಮಾಡುವ ಮುಂಚೆಯೇ ಒಂದೊಂದನ್ನೂ ವಿಚಾರಿಸಿ. ಇಳಿಯುವಾಗ ಹಡಗಿನ ಕಾರ್ಡ್, ಫೋಟೊ ಇರುವ ಗುರುತಿನ ಚೀಟಿ, ನೀರು, ಟೋಪಿ, ಚಿಲ್ಲರೆ ಡಾಲರ್ ಜೊತೆಗಿರಲಿ. ಸನ್‌ಸ್ಕ್ರೀನ್ ಕೊಳ್ಳುವಾಗ ಲೇಬಲ್ ಓದಿ. ಹವಳಕ್ಕೆ ಹಾನಿ ಅಂತ ಆಕ್ಸಿಬೆಂಝೋನ್ ಇರುವ ಕ್ರೀಮನ್ನು ಸೇಂಟ್ ಥಾಮಸ್ ಸೇರಿದಂತೆ ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ 2020ರಿಂದ ನಿಷೇಧಿಸಿದ್ದಾರೆ.