ಕಪ್ಪಗೆ ಕಂಡ ಕೆಂಪು ಹೂವು: ಹಳೆಯ ಉದ್ಯಾನಗಳ ಫೋಟೋ ಪ್ರದರ್ಶನ ಮಾಡಿದ ನನ್ನ ಅನುಭವ

ಆ ಆಲ್ಬಂ ನನ್ನ ಮೇಜಿಗೆ ಬಂದ ದಿನ ಚೆನ್ನಾಗಿ ನೆನಪಿದೆ. ದಪ್ಪ ರಟ್ಟು, ಅಂಚು ಸವೆದ ಚರ್ಮದ ಹೊದಿಕೆ. ಒಳಗೆ ಇಂಗ್ಲೆಂಡಿನ ಒಂದು ಸಿರಿವಂತ ಮನೆತನದ ಉದ್ಯಾನದ ಫೋಟೋಗಳು. 1860ರ ದಶಕದವು. ಕಲ್ಲಿನ ಮೆಟ್ಟಿಲು, ಹೂಕುಂಡ, ಗೋಡೆ ಕಟ್ಟಿದ ಹಾಗೆ ಸಮನಾಗಿ ಕತ್ತರಿಸಿದ ಗಿಡದ ಬೇಲಿ, ಕಾರಂಜಿ. ಒಂದು ಪುಟದಲ್ಲಿ ಮನೆಯ ಮುಂದಿನ ಹೂವಿನ ಪಾತಿಗಳು. ಅವು ಪೂರ್ತಿ ಕಪ್ಪಗಿದ್ದವು. ನಾನು ಟಿಪ್ಪಣಿ ಬರೆದುಕೊಂಡೆ: ‘ಪಾತಿಗಳಲ್ಲಿ ಹೂವಿಲ್ಲ, ಬರೀ ಎಲೆ. ಹೂ ಬಿಡುವ ಮೊದಲು ತೆಗೆದ ಚಿತ್ರ ಇರಬೇಕು.’

ಮೂರು ವಾರದ ನಂತರ ಅದೇ ಮನೆಯ ತೋಟದ ಲೆಕ್ಕದ ಪುಸ್ತಕ ನೋಡಲು ಸಿಕ್ಕಿತು. ಆ ಪಾತಿಗಳಿಗೆಂದೇ ಆ ಬೇಸಿಗೆಯಲ್ಲಿ ಬೆಳೆಸಿದ್ದು ಕಡುಗೆಂಪು ಜೆರೇನಿಯಂ. ಪಾತಿ ಖಾಲಿ ಇರಲೇ ಇಲ್ಲ, ಹೂವಿನಿಂದ ತುಂಬಿ ತುಳುಕುತ್ತಿತ್ತು. ಅದನ್ನು ಕಾಣಲಾಗದೇ ಹೋದದ್ದು ಕ್ಯಾಮೆರಾಗೆ.

ಹಳೆಯ ಫೋಟೋಗಳ ಜೊತೆ ಇಷ್ಟು ವರ್ಷ ಕೆಲಸ ಮಾಡಿದ್ದರೂ ಇದು ನನಗೆ ತಕ್ಷಣ ಹೊಳೆಯಲಿಲ್ಲ. ಆ ಕಾಲದಲ್ಲಿ ಫೋಟೋ ತೆಗೆಯಲು ಬಳಸುತ್ತಿದ್ದ, ಕೊಲೋಡಿಯನ್ ಎಂಬ ಅಂಟು ದ್ರವ ಸವರಿದ ಗಾಜಿನ ಪ್ಲೇಟಿಗೆ ನೀಲಿ, ನೇರಳೆ ಮತ್ತು ಅತಿನೇರಳೆ ಬೆಳಕು ಮಾತ್ರ ಗೊತ್ತು. ಕೆಂಪು ಅದರ ಪಾಲಿಗೆ ಕತ್ತಲೆ. ಹಳದಿಯೂ ಹೆಚ್ಚು ಕಡಿಮೆ ಹಾಗೇ. ಹಸಿರು ಮಂಕಾಗುತ್ತದೆ. ನೀಲಿ ಹೂವು ಬಿಳಿಚಿಕೊಳ್ಳುತ್ತದೆ. ಆಕಾಶವಂತೂ ಮೋಡವೇ ಇಲ್ಲದ ಬಿಳಿ ಹಾಳೆ. ಪ್ಲೇಟಿಗೆ ಬಣ್ಣದ ರಸಾಯನ ಬೆರೆಸಿ ಹಸಿರನ್ನೂ ಕಾಣುವಂತೆ ಮಾಡಬಹುದು ಎಂದು ಜರ್ಮನಿಯ ಹರ್ಮನ್ ಫೋಗೆಲ್ ಕಂಡುಕೊಂಡದ್ದು 1873ರಲ್ಲಿ. ಅಂದರೆ ಅದಕ್ಕೂ ಹಿಂದಿನ ಫೋಟೋ ನೋಡಿ ‘ಆಗಿನ ತೋಟಗಳು ಎಷ್ಟು ಗಂಭೀರ, ಎಷ್ಟು ಕಪ್ಪು’ ಎಂದುಕೊಂಡರೆ ಮೋಸ ಹೋದ ಹಾಗೆ. ನಿಜದಲ್ಲಿ ಅವು ಕಣ್ಣು ಕುಕ್ಕುವಷ್ಟು ಬಣ್ಣದ ತೋಟಗಳು. ಕೆಂಪು, ಹಳದಿ, ನೀಲಿ ಗಿಡಗಳನ್ನು ರತ್ನಗಂಬಳಿಯ ಹಾಗೆ ಒತ್ತಾಗಿ ನೆಡುವುದೇ ಆಗಿನ ಶೋಕಿ.

ಆವತ್ತೇ ತೀರ್ಮಾನಿಸಿದೆ. ಈ ಪ್ರದರ್ಶನ ಸುಮ್ನೆ ಚಂದದ ಚಿತ್ರಗಳ ಸಾಲು ಆಗಬಾರದು. ಫೋಟೋ ಏನನ್ನು ಕಂಡಿಲ್ಲ ಎಂಬುದನ್ನೂ ಜನ ನೋಡಬೇಕು.

ಅಲ್ಲಿಂದ ಆಯ್ಕೆಯೇ ಬದಲಾಯಿತು. ಮೊದಲು ನಾನು ಸ್ವಚ್ಛವಾದ, ಕಲೆಯಿಲ್ಲದ ಪ್ರಿಂಟುಗಳನ್ನು ಬೇರೆ ಮಾಡಿಟ್ಟಿದ್ದೆ. ಈಗ ಭೂತಗನ್ನಡಿ ಹಿಡಿದು ಎಲ್ಲವನ್ನೂ ಮತ್ತೆ ನೋಡಿದೆ. ಗಾಳಿಗೆ ಅಲುಗಾಡಿ ಹೊಗೆಯಂತಾದ ಮರದ ತುದಿ. ಹಾಲಿನಂತಾದ ಕಾರಂಜಿ. ದಾರಿಯಲ್ಲಿ ಅರ್ಧ ಕರಗಿದ ಮನುಷ್ಯನ ಆಕಾರ. ಇಂಥವನ್ನೆಲ್ಲ ಆರಿಸಿಕೊಂಡೆ. ಒಂದು ಚಿತ್ರಕ್ಕೆ ಕೆಲವು ಸೆಕೆಂಡಿನಿಂದ ನಿಮಿಷದವರೆಗೂ ಬೆಳಕು ಬೀಳಬೇಕಿತ್ತು. ಅದಕ್ಕೂ ಹಿಂದಿನ ಕಾಗದದ ನೆಗೆಟಿವ್‌ಗಳಿಗೆ ಇನ್ನೂ ಜಾಸ್ತಿ. ಅಷ್ಟು ಹೊತ್ತು ಕಲ್ಲು ನಿಲ್ಲುತ್ತದೆ, ಬೇಲಿ ನಿಲ್ಲುತ್ತದೆ. ಕೆಲಸ ಮಾಡುತ್ತಿರುವ ಮಾಲಿ ನಿಲ್ಲುವುದಿಲ್ಲ ಅಲ್ವಾ?

ಈ ಮಾಲಿಗಳ ವಿಷಯ ನನ್ನನ್ನು ತುಂಬಾ ಕಾಡಿತು. ಇಂಥ ಒಂದೊಂದು ಉದ್ಯಾನಕ್ಕೂ ಹತ್ತಾರು ಜನ ದುಡಿಯುತ್ತಿದ್ದರು. ಚಿತ್ರದಲ್ಲಿ ನೋಡಿದರೆ ಹುಲ್ಲು ತಾನೇ ಬೆಳೆದು ತಾನೇ ಕತ್ತರಿಸಿಕೊಂಡಂತೆ ಕಾಣುತ್ತದೆ. ನಮ್ಮ ಆಲ್ಬಂನ ಒಂದು ಪುಟದಲ್ಲಿ ಮಾತ್ರ ಕೈಗಾಡಿ ಹಿಡಿದ ಒಬ್ಬ ಮಾಲಿ ಸ್ಪಷ್ಟವಾಗಿ ಕಾಣುತ್ತಾನೆ. ಮರ ಎಷ್ಟು ದೊಡ್ಡದು ಎಂದು ತೋರಿಸಲು ಅವನನ್ನು ಅಲ್ಲಾಡದೆ ನಿಲ್ಲಿಸಿರಬೇಕು. ಆಲ್ಬಂನಲ್ಲಿ ಮರದ ಹೆಸರಿದೆ, ಅವನ ಹೆಸರಿಲ್ಲ. ಆ ಚಿತ್ರವನ್ನು ನಾನು ಒಂದು ಗೋಡೆಗೆ ಒಂದೇ ಎಂಬಂತೆ ತೂಗುಹಾಕಿದೆ. ಅಷ್ಟು ಸಣ್ಣ ಚಿತ್ರಕ್ಕೆ ಇಡೀ ಗೋಡೆ ಯಾಕೆ ಎಂದು ಸಹೋದ್ಯೋಗಿಗಳು ಕೇಳಿದರು. ನಾನು ಪಟ್ಟು ಬಿಡಲಿಲ್ಲ.

ಕಾಲ ಗುರುತಿಸಲು ಮರಗಳೇ ನನಗೆ ನೆರವಾದವು. ಆಲ್ಬಂಗಳಲ್ಲಿ ಇಸವಿ ಬರೆದಿರುವುದು ಅಪರೂಪ. ಆದರೆ ವೆಲ್ಲಿಂಗ್ಟೋನಿಯಾ ಎಂದು ಕರೆಯುವ ದೈತ್ಯ ಸಿಕ್ವೋಯಾ ಮರದ ಬೀಜಗಳನ್ನು ಗಿಡ ಸಂಗ್ರಾಹಕ ವಿಲಿಯಂ ಲಾಬ್ ಕ್ಯಾಲಿಫೋರ್ನಿಯಾದಿಂದ ಬ್ರಿಟನ್ನಿಗೆ ತಂದದ್ದು 1853ರಲ್ಲಿ. ಚಿತ್ರದಲ್ಲಿ ಆಳೆತ್ತರದ ವೆಲ್ಲಿಂಗ್ಟೋನಿಯಾ ಕಂಡರೆ ಅದು 1853ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಅದೇ ಮರ ಮುಂದಿನ ಪುಟದಲ್ಲಿ ಇನ್ನೂ ಎತ್ತರ ಇದ್ದರೆ ನಡುವೆ ವರ್ಷಗಳು ಕಳೆದಿವೆ. ಹೀಗೆ ಲೆಕ್ಕ ಹಾಕಿದಾಗ, ಒಂದೇ ಬೇಸಿಗೆಯದು ಎಂದು ಪಟ್ಟಿಯಲ್ಲಿದ್ದ ಆಲ್ಬಂ ನಿಜಕ್ಕೂ ಹಲವು ವರ್ಷಗಳದ್ದು ಎಂದು ಗೊತ್ತಾಯಿತು. ನೆರಳು ಬಿದ್ದ ದಿಕ್ಕಿನಿಂದ ಬೆಳಗ್ಗೆಯೋ ಸಂಜೆಯೋ ಎಂದೂ ಹೇಳಬಹುದು.

ಬೇರೆ ಸಂಗ್ರಹಗಳಿಂದ ಎರವಲು ತಂದ ಪ್ರಿಂಟುಗಳಲ್ಲಿ ನನಗೆ ಜಾಸ್ತಿ ಇಷ್ಟವಾದವು ವೇಲ್ಸ್‌ನ ಪೆನ್ಲರ್ಗೇರ್ ಎಸ್ಟೇಟಿನವು. ಜಾನ್ ಡಿಲ್ವಿನ್ ಲುವೆಲಿನ್ ಅಲ್ಲಿನ ಒಡೆಯ. ಅವರ ಹೆಂಡತಿ ಎಮ್ಮಾ, ಕಾಗದದ ನೆಗೆಟಿವ್ ಕಂಡುಹಿಡಿದ ಫಾಕ್ಸ್ ಟಾಲ್ಬಟ್ ಅವರ ಹತ್ತಿರದ ಸಂಬಂಧಿ. ಹಾಗಾಗಿ ಫೋಟೋಗ್ರಫಿ ಹುಟ್ಟಿದ ಸುದ್ದಿ ಆ ಮನೆಗೆ ಬೇಗ ತಲುಪಿತು. ಲುವೆಲಿನ್ ಗಿಡಗಳ ಹುಚ್ಚಿದ್ದ ಮನುಷ್ಯ. ಆರ್ಕಿಡ್‌ಗಳಿಗೆಂದು ಗಾಜಿನ ಮನೆ ಕಟ್ಟಿಸಿ, ಒಳಗೆ ಬೆಚ್ಚಗಿನ ನೀರಿನ ಜಲಪಾತ ಹರಿಸಿದವರು. ಅವರ ಚಿತ್ರಗಳಲ್ಲಿ ಕೆರೆ, ಕಾಡುದಾರಿ, ಮರದ ಕೆಳಗೆ ಕೂತ ಮನೆಮಂದಿ ಇದ್ದಾರೆ. ಬೇರೆಯವರ ಉದ್ಯಾನ ತೋರಿಸುವ ಫೋಟೋಗ್ರಾಫರನ ಕಣ್ಣು ಅದಲ್ಲ. ದಿನಾ ಅಲ್ಲೇ ಓಡಾಡುವವನ ಕಣ್ಣು. ಆ ಮನೆಯನ್ನು 1961ರಲ್ಲಿ ಕೆಡವಿದರು. ಕಾಡು ಮತ್ತು ನೀರು ಇಂದಿಗೂ ಇವೆ.

ಕೆಡವಿದ್ದು ಎಂದಾಗ ಇನ್ನೆರಡು ನೆನಪಾಗುತ್ತವೆ. ಪ್ಯಾರಿಸ್ ಪಕ್ಕದ ಸೇಂಟ್ ಕ್ಲೂ ಅರಮನೆ 1870ರ ಯುದ್ಧದಲ್ಲಿ ಸುಟ್ಟುಹೋಯಿತು. ಉದ್ಯಾನ ಮಾತ್ರ ಉಳಿಯಿತು. ಫ್ರಾನ್ಸಿನ ಫೋಟೋಗ್ರಾಫರ್ ಯೂಜೀನ್ ಅಟ್ಜೆ ಅಲ್ಲಿಗೆ ಮತ್ತೆ ಮತ್ತೆ ಹೋಗಿ ಖಾಲಿ ಕೊಳ, ಮೆಟ್ಟಿಲು, ಮರದ ಬೇರುಗಳನ್ನು ತೆಗೆದರು. ಇಂಗ್ಲೆಂಡಿನ ಚಾಟ್ಸ್‌ವರ್ತ್ ಎಸ್ಟೇಟಿನಲ್ಲಿ ಮುಖ್ಯ ಮಾಲಿ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಿಸಿದ ಭಾರೀ ಗಾಜಿನ ಮನೆಯ ಕಥೆ ಬೇರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅದನ್ನು ಬೆಚ್ಚಗಿಡಲು ಕಲ್ಲಿದ್ದಲು ಸಿಗಲಿಲ್ಲ. ಗಿಡಗಳು ಸತ್ತವು. 1920ರಲ್ಲಿ ಕಟ್ಟಡವನ್ನೇ ಉರುಳಿಸಿದರು. ಈ ಎರಡನ್ನೂ ಒಂದೇ ಕೋಣೆಯಲ್ಲಿ ಎದುರು ಬದುರು ಇಟ್ಟೆ. ಒಂದು ಕಡೆ ಮನೆ ಹೋಗಿ ತೋಟ ಉಳಿದದ್ದು, ಇನ್ನೊಂದು ಕಡೆ ಗಿಡಗಳೇ ಹೋದದ್ದು.

ಇನ್ನು ಬೆಳಕಿನ ವಿಷಯ. ಇದರಲ್ಲೇ ನಾನು ಅತಿ ಹೆಚ್ಚು ನಿದ್ದೆಗೆಟ್ಟದ್ದು. ಉಪ್ಪು ಮತ್ತು ಬೆಳ್ಳಿ ಸವರಿದ ಕಾಗದದ ಪ್ರಿಂಟುಗಳು, ಮೊಟ್ಟೆಯ ಬಿಳಿ ಲೇಪಿಸಿದ ಆಲ್ಬುಮೆನ್ ಪ್ರಿಂಟುಗಳು ಬೆಳಕಿಗೆ ಮಸುಕಾಗುತ್ತವೆ. ಒಮ್ಮೆ ಮಸುಕಾದರೆ ಅಷ್ಟೇ, ಮತ್ತೆ ಬರುವುದಿಲ್ಲ. ಆದ್ದರಿಂದ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೇಡ ಎಂಬುದು ನಿಯಮ. ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ. ಕೂತು ಲೆಕ್ಕ ಹಾಕಿದೆ. ದಿನಕ್ಕೆ 8 ಗಂಟೆಯಂತೆ 30 ದಿನಕ್ಕೆ 12,000 ಲಕ್ಸ್ ಗಂಟೆ. ಬಯಲಿನ ನಡುಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ಅಂದರೆ ನಮ್ಮ ಒಂದು ತಿಂಗಳ ಬೆಳಕು, ಆ ಉದ್ಯಾನದ ಬಿಸಿಲಿನಲ್ಲಿ ಬರೀ 7 ನಿಮಿಷಕ್ಕೆ ಸಮ. ಈ ಅಂಕಿಯನ್ನೇ ದೊಡ್ಡದಾಗಿ ಬರೆಸಿ ಬಾಗಿಲಲ್ಲಿ ಹಾಕಿದೆ. ಅಲ್ಲಿಯವರೆಗೆ ‘ಇಷ್ಟು ಕತ್ತಲೆ ಯಾಕೆ’ ಎಂದು ಕೇಳುತ್ತಿದ್ದವರು ಅದನ್ನು ಓದಿದ ಮೇಲೆ ದನಿ ತಗ್ಗಿಸಿ ಒಳಗೆ ಬರುತ್ತಿದ್ದರು.

ಆದರೂ ಮೊದಲ ವಾರ ತೊಂದರೆಯಾಯಿತು. ಹೊರಗಿನ ಬೆಳಕಿನಿಂದ ನೇರ ಒಳಗೆ ಬಂದವರಿಗೆ ಏನೂ ಕಾಣುತ್ತಿರಲಿಲ್ಲ. ಲೇಬಲ್ಲಿನ ಅಕ್ಷರ ಸಣ್ಣದಾಯಿತು. ವಯಸ್ಸಾದ ಒಬ್ಬರು ಏನೂ ಓದಲಾಗದೆ ಹಿಂದೆ ಹೋದದ್ದನ್ನು ನೋಡಿ ನನಗೆ ಹೊಟ್ಟೆ ಹಿಂಡಿದಂತಾಯಿತು. ಆ ವಾರವೇ ಎಲ್ಲ ಲೇಬಲ್ ಬದಲಿಸಿದೆವು. ಮಾತು ಅರ್ಧಕ್ಕೆ ಇಳಿಸಿ, ಅಕ್ಷರ ದೊಡ್ಡದು ಮಾಡಿ, ಗಾಢ ಬಣ್ಣದ ಮೇಲೆ ಬಿಳಿಯಲ್ಲಿ ಬರೆಸಿದೆ. ಬಾಗಿಲಿನಿಂದ ಒಳಗೆ ಒಂದು ಮಬ್ಬು ಓಣಿ ಮಾಡಿ ಬೆಂಚು ಹಾಕಿಸಿದೆ. ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕೇ ಬೇಕು. ತೀರಾ ಸೂಕ್ಷ್ಮವಾದ ಪ್ರಿಂಟುಗಳ ಮೇಲೆ ದಪ್ಪ ಬಟ್ಟೆ ಹೊದಿಸಿದೆವು. ನೋಡುವವರೇ ಎತ್ತಿ ನೋಡಿ ಮತ್ತೆ ಮುಚ್ಚಬೇಕು. ಬಟ್ಟೆ ಎತ್ತುವಾಗ ಮಕ್ಕಳೂ ಮೆಲ್ಲಗೆ ಎತ್ತುತ್ತಿದ್ದರು. ಆಲ್ಬಂನ ಪುಟ ತಿಂಗಳಿಗೊಮ್ಮೆ ತಿರುವುತ್ತಿದ್ದೆವು. ಪುಟ ನೋಡಲೆಂದೇ ಎರಡನೇ ಸಲ ಬಂದವರೂ ಇದ್ದರು.

ಕಪ್ಪು ಪಾತಿಯ ಚಿತ್ರವನ್ನು ಮೊದಲ ಕೋಣೆಯಲ್ಲೇ ಇಟ್ಟಿದ್ದೆ. ಲೇಬಲ್ಲಿನಲ್ಲಿ ಒಂದೇ ಪ್ರಶ್ನೆ: ‘ಈ ಪಾತಿಯಲ್ಲಿ ಏನಿದೆ?’ ಉತ್ತರ ಬರೆಯಲಿಲ್ಲ. ಕೊನೆಯ ಕೋಣೆಯಲ್ಲಿ ಆಟೋಕ್ರೋಮ್‌ಗಳು. ಲುಮಿಯೇರ್ ಸಹೋದರರು 1907ರಲ್ಲಿ ಮಾರುಕಟ್ಟೆಗೆ ತಂದ ಬಣ್ಣದ ಗಾಜಿನ ಪ್ಲೇಟುಗಳಿವು. ಕಿತ್ತಳೆ ಕೆಂಪು, ಹಸಿರು, ನೇರಳೆ ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಕಣಗಳಿಂದ ಬಣ್ಣ ಮೂಡಿಸುವ ಜಾಣತನ. ಮೂಲ ಪ್ಲೇಟುಗಳನ್ನು ಬೆಳಗಿಸಿ ಇಡುವುದು ಅಪಾಯ. ಹಾಗಾಗಿ ಪ್ರತಿಗಳನ್ನು ಮಾಡಿಸಿ ಹಿಂದಿನಿಂದ ಬೆಳಕು ಕೊಟ್ಟೆವು. ಸಿರಿವಂತರಿಗೆ ಈ ಹೊಸ ಬಣ್ಣದ ಆಟ ಬಲು ಇಷ್ಟವಾಗಿತ್ತು. ಬ್ಯಾಂಕರ್ ಮನೆತನದ ಲಯನೆಲ್ ಡಿ ರಾತ್‌ಚೈಲ್ಡ್ ತಾವೇ ಕ್ಯಾಮೆರಾ ಹಿಡಿದು ಉದ್ಯಾನಗಳ ಆಟೋಕ್ರೋಮ್ ತೆಗೆದವರು. ಕತ್ತಲ ಕೋಣೆಗಳನ್ನು ದಾಟಿ ಬಂದವರಿಗೆ ಅಲ್ಲಿ ಮೊದಲ ಸಲ ಕೆಂಪು ಪಾತಿ ಕಾಣುತ್ತಿತ್ತು.

ಒಂದು ಮಧ್ಯಾಹ್ನ ನಾನು ಅಲ್ಲೇ ಮೂಲೆಯಲ್ಲಿ ನಿಂತಿದ್ದೆ. ಒಬ್ಬ ಹುಡುಗಿ ಆ ಕೆಂಪಿನ ಮುಂದೆ ತುಂಬಾ ಹೊತ್ತು ನಿಂತಳು. ಆಮೇಲೆ ಬಂದ ದಾರಿಯಲ್ಲೇ ವಾಪಸ್ ಹೊರಟಳು. ನಾನೂ ಹಿಂದೆ ಹೋದೆ. ಮೊದಲ ಕೋಣೆಯಲ್ಲಿ ಅವಳು ಕಪ್ಪು ಪಾತಿಯ ಚಿತ್ರದ ಮೇಲೆ ಬಾಗಿ, ಅಮ್ಮನನ್ನು ಕರೆದು ತೋರಿಸುತ್ತಿದ್ದಳು. ‘ಇಲ್ಲಿ ನೋಡಮ್ಮ, ಇಲ್ಲೂ ಹೂವಿದೆ.’